ಹಾಲು ಬಿಡಿಸಿದ ನಂತರದ ಹದಿನೈದು ದಿನಗಳು: ಪಶುಪಾಲನಾ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ,
ಬೆಂಗಳೂರು

ಮಾನ್ಯರೇ,

ಹಂದಿಗಳಿಗೆ ಆ್ಯಂಟಿಬಯೋಟಿಕ್ ಕೊಡುವುದನ್ನು ಕಡಿಮೆ ಮಾಡಿ ಎಂಬ ಮಾತನ್ನು ಈಗ ತರಬೇತಿ ಶಿಬಿರಗಳಲ್ಲಿ ಕೇಳುತ್ತಿದ್ದೇವೆ. ಮಾತು ಸರಿಯಾದದ್ದೇ. ಆದರೆ ಶಿಬಿರ ಮುಗಿಸಿ ಊರಿಗೆ ಬಂದ ಮೇಲೆ, ಆಗತಾನೇ ಹಾಲು ಬಿಡಿಸಿದ ಮರಿಗಳು ಭೇದಿ ಹಿಡಿದು ಮೂಲೆಯಲ್ಲಿ ಒಂದರ ಮೇಲೊಂದು ಮಲಗಿದಾಗ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಆ ಖಾಲಿ ಜಾಗದಲ್ಲಿ ಪುಡಿ ಮಾರುವವರು ಬಂದು ಕುಳಿತಿದ್ದಾರೆ. ಒಬ್ಬರು ಪ್ರೊಬಯೋಟಿಕ್, ಎಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ ಎನ್ನುತ್ತಾರೆ, ಇನ್ನೊಬ್ಬರು ಗಿಡಮೂಲಿಕೆ ಎನ್ನುತ್ತಾರೆ, ಮತ್ತೊಬ್ಬರು ಆಮ್ಲಗಳ ಮಿಶ್ರಣ ಎನ್ನುತ್ತಾರೆ. ಎಲ್ಲರ ಚೀಲದ ಮೇಲೂ ದಪ್ಪ ಮರಿಯ ಚಿತ್ರವಿದೆ. ಒಳಗೆ ಏನಿದೆ, ಎಷ್ಟಿದೆ, ನಮ್ಮ ಹವೆಯಲ್ಲಿ, ನಮ್ಮ ಆಹಾರದ ಜೊತೆ ಅದು ಕೆಲಸ ಮಾಡಿದ್ದನ್ನು ಕಂಡವರು ಯಾರು ಎಂದು ಕೇಳಿದರೆ ಉತ್ತರವಿಲ್ಲ.

ದಕ್ಷಿಣ ಕನ್ನಡದಲ್ಲಿ ಹಂದಿ ಸಾಕಿ ಬದುಕುವ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದು ಸಾಕಣೆದಾರರಷ್ಟೇ ತಲೆಕೆಡಿಸಿಕೊಳ್ಳಬೇಕಾದ ವಿಷಯವಲ್ಲ. ಹಂದಿಗೆ ಕೊಟ್ಟ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ನ ದೊಡ್ಡ ಪಾಲು ಕರಗದೆ ಗೊಬ್ಬರದಲ್ಲಿ ಹೊರಬರುತ್ತದೆ. ಆ ಗೊಬ್ಬರ ಅಡಿಕೆ ತೋಟಕ್ಕೂ ಕಾಫಿ ತೋಟಕ್ಕೂ ಹೋಗುತ್ತದೆ, ಮಳೆ ಬಂದರೆ ತೋಡಿಗೆ ಇಳಿಯುತ್ತದೆ. ಅದರ ಸಂಪರ್ಕಕ್ಕೆ ಬಂದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾದರೆ, ಹಂದಿ ಮಾಂಸವನ್ನು ಮುಟ್ಟದ ಮನೆಯ ಮಗುವಿಗೂ ನಾಳೆ ಔಷಧ ನಾಟದೆ ಹೋಗಬಹುದು.

ಮೊದಲು ಸಮಸ್ಯೆ ಎಲ್ಲಿದೆ ಎಂದು ಹೇಳುತ್ತೇನೆ, ಏಕೆಂದರೆ ಪರಿಹಾರಗಳೆಲ್ಲ ಅಲ್ಲೇ ನಿಲ್ಲಬೇಕು ಅಥವಾ ಬೀಳಬೇಕು. ತಾಯಿಯ ಹಾಲು ಕುಡಿಯುವ ಮರಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆ ಹುಳಿಯೇ ಅದರ ಕಾವಲು. ತಾಯಿಯ ಹಾಲಿನಲ್ಲಿರುವ ಪ್ರತಿಕಾಯಗಳು ಕರುಳಿಗೆ ಇನ್ನೊಂದು ರಕ್ಷಣೆ. ಹಾಲು ಬಿಡಿಸಿದ ದಿನ ಈ ಎರಡೂ ಒಮ್ಮೆಗೇ ಹೋಗುತ್ತವೆ. ಮರಿಯ ಜಠರ ಸ್ವಂತವಾಗಿ ಸಾಕಷ್ಟು ಹೈಡ್ರೋಕ್ಲೋರಿಕ್ ಆಮ್ಲ ತಯಾರಿಸುವಷ್ಟು ಇನ್ನೂ ಬೆಳೆದಿರುವುದಿಲ್ಲ. ಜೊತೆಗೆ ತಾಯಿಯಿಂದ ಅಗಲಿಕೆ, ಬೇರೆ ಮರಿಗಳೊಡನೆ ಜಗಳ, ಹೊಸ ಗೂಡು, ಒಣ ಆಹಾರ. ಒಂದೆರಡು ದಿನ ಮರಿ ಏನೂ ತಿನ್ನುವುದಿಲ್ಲ. ಹಸಿದ ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ, ಬೆರಳಿನಂಥ ಸಣ್ಣ ಕುಸುರುಗಳು ಮೊಟಕಾಗುತ್ತವೆ. ಆಮೇಲೆ ಹಸಿವು ತಾಳದೆ ಗಬಗಬನೆ ತಿಂದಾಗ ಸೋಯಾ ಹಿಂಡಿಯ ಪ್ರೋಟೀನ್ ಜೀರ್ಣವಾಗದೆ ಕೆಳಗಿಳಿದು ಕೊಳೆಯುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೇ ಅದು. ಕರುಳಿನ ಗೋಡೆಗೆ ಅಂಟಿಕೊಂಡು ಅದು ಬಿಡುವ ವಿಷದಿಂದ ಮರಿಯ ಮೈಯ ನೀರೆಲ್ಲ ಕರುಳಿಗೆ ಸುರಿಯುತ್ತದೆ. ಬೆಳಿಗ್ಗೆ ಓಡಾಡುತ್ತಿದ್ದ ಮರಿ ಮರುದಿನ ಕಣ್ಣು ಗುಳಿಬಿದ್ದು ಸಾಯುತ್ತದೆ.

ಈ ಹದಿನೈದು ದಿನಗಳ ಭಯವೇ ಆಹಾರದಲ್ಲಿ ಆ್ಯಂಟಿಬಯೋಟಿಕ್ ಬೆರೆಸುವಂತೆ ಮಾಡಿದೆ. ಸಾಕಣೆದಾರ ಅಜ್ಞಾನಿ, ದುರಾಸೆಯವನು ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಸಾಲ ಮಾಡಿ ತಂದ ಹೆಣ್ಣು ಹಂದಿಯ ಒಂದು ಸೂಲಿನ ಅರ್ಧ ಮರಿಗಳು ವಾರದೊಳಗೆ ಸತ್ತರೆ ಆ ವರ್ಷದ ಲಾಭ ಮುಗಿಯಿತು. ಹತ್ತಿರದಲ್ಲಿ ಹಂದಿ ನೋಡುವ ವೈದ್ಯರು ಸಿಗುವುದಿಲ್ಲ. ಪಶು ಔಷಧದ ಅಂಗಡಿಯವರು ಚೀಟಿ ಕೇಳದೆ ಎನ್ರೋಫ್ಲಾಕ್ಸಸಿನ್, ಆಕ್ಸಿಟೆಟ್ರಾಸೈಕ್ಲಿನ್ ಕೊಡುತ್ತಾರೆ. ಭೇದಿ ನಿಂತರೆ ಮುಂದಿನ ಸೂಲಿಗೆ ರೋಗ ಬರುವ ಮೊದಲೇ ಹಾಕುತ್ತೇವೆ. ಹೀಗೆ ಚಿಕಿತ್ಸೆ ಎಂದು ಶುರುವಾದದ್ದು ದಿನನಿತ್ಯದ ಆಹಾರವಾಗುತ್ತದೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕೊಲಿಸ್ಟಿನ್ ಕಥೆ ಸಾಕು. ಬೇರೆ ಯಾವ ಔಷಧವೂ ನಾಟದ ರೋಗಿಗೆ ಐಸಿಯುನಲ್ಲಿ ಕೊನೆಯದಾಗಿ ಕೊಡುವ ಮದ್ದು ಅದು. ಅದನ್ನೇ ದಶಕಗಳ ಕಾಲ ಹಂದಿ, ಕೋಳಿಗಳು ಬೇಗ ಬೆಳೆಯಲೆಂದು ಅವುಗಳ ಆಹಾರಕ್ಕೆ ಬೆರೆಸಲಾಯಿತು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಎಂಸಿಆರ್-1 ಎಂಬ ವಂಶವಾಹಿಯನ್ನು ಪ್ರಕಟಿಸಿದರು. ಕೊಲಿಸ್ಟಿನ್‌ಗೆ ಬಗ್ಗದ ಶಕ್ತಿಯನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸಬಲ್ಲ ವಂಶವಾಹಿ ಅದು. ಹಂದಿಗಳಲ್ಲಿ, ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ, ಮೂರೂ ಕಡೆ ಸಿಕ್ಕಿತು. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದರ ತಯಾರಿಕೆ, ಮಾರಾಟ, ವಿತರಣೆಯನ್ನು ನಿಷೇಧಿಸಿತು. ಆ ನಿಷೇಧವನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ಔಷಧ ಅಂಗಡಿಯ ಕಪಾಟಿನಿಂದ ಹೋದಾಗ ಪಕ್ಕದ ಇನ್ನೊಂದು ಔಷಧಕ್ಕೆ ಕೈ ಹೋಗದಂತೆ ಮಾಡುವ ಕೆಲಸ ನಿಷೇಧದ ಆದೇಶದಿಂದ ಆಗುವುದಿಲ್ಲ. ಅದು ತಮ್ಮ ಇಲಾಖೆಯ ಕೆಲಸ.

ಈ ದಾರಿಯಲ್ಲಿ ನಮಗಿಂತ ಮುಂದೆ ಹೋದವರ ಅನುಭವ ಕಣ್ಣ ಮುಂದಿದೆ. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಬಳಸುವುದನ್ನು ನಿಲ್ಲಿಸಿತು. ಐರೋಪ್ಯ ಒಕ್ಕೂಟದಲ್ಲಿ 2006ರ ಜನವರಿ 1ರಿಂದ ಪೂರ್ತಿ ನಿಂತಿತು. ನಾನು ಹೆಚ್ಚು ಓದಿಕೊಂಡದ್ದು ಡೆನ್ಮಾರ್ಕಿನ ಬಗ್ಗೆ, ಏಕೆಂದರೆ ಅದು ಹಂದಿಯನ್ನೇ ನೆಚ್ಚಿದ ದೇಶ, ಮತ್ತು ಅಲ್ಲಿ ಎಡವಿದ್ದನ್ನೂ ಬರೆದಿಟ್ಟಿದ್ದಾರೆ. 1990ರ ದಶಕದ ಕೊನೆಯಲ್ಲಿ ಮೊದಲು ದೊಡ್ಡ ಹಂದಿಗಳಿಗೆ, ಆಮೇಲೆ ಮರಿಗಳಿಗೆ ನಿಲ್ಲಿಸಿದರು. ದೊಡ್ಡ ಹಂದಿಗಳಲ್ಲಿ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಮರಿಗಳಲ್ಲಿ ಭೇದಿ ಹೆಚ್ಚಿತು, ಚಿಕಿತ್ಸೆಗಾಗಿ ಕೊಡುವ ಔಷಧವೂ ಕೆಲಕಾಲ ಹೆಚ್ಚಿತು. ಆದರೂ ಹಿಂದೆ ಸರಿಯಲಿಲ್ಲ. 1992ರಿಂದ 2008ರ ನಡುವೆ ಒಂದು ಕಿಲೋ ಹಂದಿ ಉತ್ಪಾದನೆಗೆ ಬಳಕೆಯಾದ ಆ್ಯಂಟಿಬಯೋಟಿಕ್ ಅರ್ಧಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ವರ್ಷಕ್ಕೆ ಸಾಕುವ ಹಂದಿಗಳ ಸಂಖ್ಯೆ ಸುಮಾರು 1.84 ಕೋಟಿಯಿಂದ 2.71 ಕೋಟಿಗೆ ಏರಿತು. ಔಷಧ ಬಿಟ್ಟರೆ ಉದ್ಯಮ ಮುಳುಗುತ್ತದೆ ಎಂದು ಹೆದರಿಸುವವರಿಗೆ ಈ ಎರಡು ಅಂಕಿಗಳನ್ನು ತೋರಿಸಬೇಕು.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. 1990ರ ದಶಕದ ಮಧ್ಯದಲ್ಲೇ ಪಶುವೈದ್ಯರು ಔಷಧ ಮಾರಿ ಲಾಭ ಮಾಡಿಕೊಳ್ಳುವುದಕ್ಕೆ ಮಿತಿ ಹಾಕಿದರು. ಸಲಹೆ ಕೊಡುವವರೂ ಮಾರುವವರೂ ಒಬ್ಬರೇ ಆಗಿರಬಾರದು ಎಂಬ ಆ ತತ್ವ ನಮ್ಮಲ್ಲಿ ಆ್ಯಂಟಿಬಯೋಟಿಕ್‌ಗೂ ಇಲ್ಲ, ಅದರ ಬದಲಿಗೆ ಬಂದ ಪುಡಿಗಳಿಗೂ ಇಲ್ಲ.

ಡೆನ್ಮಾರ್ಕಿನಿಂದ ಕಲಿಯುವಾಗ ಸತುವಿನ ವಿಷಯದಲ್ಲಿ ಎಚ್ಚರ ಬೇಕು. ಹಾಲು ಬಿಡಿಸಿದ ಮೊದಲ ಎರಡು ವಾರ ಮರಿಗಳ ಆಹಾರಕ್ಕೆ ಜಿಂಕ್ ಆಕ್ಸೈಡನ್ನು ಚಿಕಿತ್ಸೆಯ ಮಟ್ಟದಲ್ಲಿ, ಎಂದರೆ ಒಂದು ಕಿಲೋ ಆಹಾರಕ್ಕೆ 2,500 ಮಿಲಿಗ್ರಾಂನಷ್ಟು ಸತು ಬರುವಂತೆ ಬೆರೆಸಿದರೆ ಭೇದಿ ಚೆನ್ನಾಗಿ ಹತೋಟಿಗೆ ಬರುತ್ತದೆ. ಯುರೋಪ್ ವರ್ಷಗಳ ಕಾಲ ಇದನ್ನೇ ನೆಚ್ಚಿತು. ಆದರೆ ಸತು ಕರಗಿ ಮಾಯವಾಗುವ ವಸ್ತುವಲ್ಲ. ಗೊಬ್ಬರದ ಜೊತೆ ಮಣ್ಣಿಗೆ ಸೇರಿ ಅಲ್ಲೇ ಕೂಡಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸತುವನ್ನು ತಡೆದುಕೊಳ್ಳುವ ವಂಶವಾಹಿಯೂ ಆ್ಯಂಟಿಬಯೋಟಿಕ್ ತಡೆದುಕೊಳ್ಳುವ ವಂಶವಾಹಿಯೂ ಎಷ್ಟೋ ಸಲ ಒಂದೇ ಬ್ಯಾಕ್ಟೀರಿಯಾದಲ್ಲಿ ಜೊತೆಯಾಗಿರುತ್ತವೆ. ಒಂದನ್ನು ಪೋಷಿಸಿದರೆ ಇನ್ನೊಂದೂ ಬೆಳೆಯುತ್ತದೆ. 2022ರ ಜೂನ್‌ನಿಂದ ಐರೋಪ್ಯ ಒಕ್ಕೂಟ ಈ ಪ್ರಮಾಣದ ಬಳಕೆಯನ್ನು ನಿಲ್ಲಿಸಿದೆ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಹೊಸ ಪರ್ಯಾಯವೆಂದು ತಂದು ಮಾರಲು ಬಿಡಬೇಡಿ.

ಹಾಗಾದರೆ ಉಳಿದದ್ದು ಏನು? ನನ್ನ ಓದಿನಲ್ಲೂ ಗೂಡಿನಲ್ಲೂ ಹೆಚ್ಚು ನಂಬಿಕೆ ಹುಟ್ಟಿಸಿದವು ಆಮ್ಲಗಳು. ಫಾರ್ಮಿಕ್, ಲ್ಯಾಕ್ಟಿಕ್, ಸಿಟ್ರಿಕ್, ಫ್ಯೂಮಾರಿಕ್, ಬೆಂಜೋಯಿಕ್ ಎಂಬ ಇವು ಮರಿಯ ಹೊಟ್ಟೆಗೆ ಕಳೆದುಹೋದ ಹುಳಿಯನ್ನು ಮರಳಿಸುತ್ತವೆ. ಅಷ್ಟೇ ಅಲ್ಲ, ಹುಳಿ ಇರುವ ಕಡೆ ಇಡಿಯಾಗಿಯೇ ಉಳಿಯುವ ಈ ಆಮ್ಲಗಳು ಬ್ಯಾಕ್ಟೀರಿಯಾದ ಪೊರೆಯನ್ನು ದಾಟಿ ಒಳಗೆ ಹೋದ ಮೇಲೆ ಒಡೆಯುತ್ತವೆ. ಒಳಗಿನ ಹುಳಿಯನ್ನು ಹೊರಹಾಕುವುದರಲ್ಲೇ ಬ್ಯಾಕ್ಟೀರಿಯಾ ಸುಸ್ತಾಗುತ್ತದೆ. ಆ್ಯಂಟಿಬಯೋಟಿಕ್ ಅಲ್ಲದ ಬೆಳವಣಿಗೆ ಪೂರಕವೆಂದು ಯುರೋಪಿನಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಫಾರ್ಮಿಕ್ ಆಮ್ಲದ ಒಂದು ಲವಣಕ್ಕೆ, ಪೊಟ್ಯಾಸಿಯಂ ಡೈಫಾರ್ಮೇಟ್‌ಗೆ, 2001ರಲ್ಲಿ. ಹಾಲು ಬಿಡಿಸಿದ ಮರಿಗಳಿಗೆ ಬೆಂಜೋಯಿಕ್ ಆಮ್ಲ ಶೇ 0.5ರ ಪ್ರಮಾಣದಲ್ಲಿ ಅಲ್ಲಿ ಅನುಮೋದಿತವಾಗಿದೆ. ಎಂದರೆ ಒಂದು ಕ್ವಿಂಟಲ್ ಆಹಾರಕ್ಕೆ ಅರ್ಧ ಕಿಲೋ. ಇಷ್ಟು ಸರಳವಾದ ಲೆಕ್ಕವನ್ನು ಕನ್ನಡದ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಹಂಚಲು ಕಷ್ಟವೇನಿದೆ? ಅದರ ಜೊತೆಗೆ, ಶುದ್ಧ ಫಾರ್ಮಿಕ್ ಆಮ್ಲ ಚರ್ಮ ಸುಡುತ್ತದೆ, ಕೈಗವಸಿಲ್ಲದೆ ಮುಟ್ಟಬೇಡಿ, ಆದಷ್ಟು ಅದರ ಲವಣವನ್ನೇ ಬಳಸಿ ಎಂಬ ಎಚ್ಚರಿಕೆಯನ್ನೂ ಅಚ್ಚು ಹಾಕಬೇಕು.

ಇನ್ನೊಂದು ವಿಷಯವನ್ನು ಯಾವ ಮಾರಾಟಗಾರರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಮಾರಲು ಏನೂ ಇಲ್ಲ. ಮರಿಗಳ ಆಹಾರಕ್ಕೆ ನಾವು ಕ್ಯಾಲ್ಸಿಯಂಗಾಗಿ ಸುಣ್ಣಕಲ್ಲಿನ ಪುಡಿ ಧಾರಾಳವಾಗಿ ಹಾಕುತ್ತೇವೆ. ಅದು ಹೊಟ್ಟೆಯ ಹುಳಿಯನ್ನು ಹೀರಿಕೊಳ್ಳುತ್ತದೆ. ಒಂದು ಕೈಯಲ್ಲಿ ದುಬಾರಿ ಆಮ್ಲ, ಇನ್ನೊಂದು ಕೈಯಲ್ಲಿ ಸುಣ್ಣ ಹಾಕಿದರೆ ಹಣ ನೀರಿಗೆ ಹೋದಂತೆ. ಆ ಹದಿನೈದು ದಿನ ಸುಣ್ಣವನ್ನು ತಗ್ಗಿಸುವುದು, ಸೋಯಾ ಹಿಂಡಿಯನ್ನು ಕಡಿಮೆ ಮಾಡಿ ಕಚ್ಚಾ ಪ್ರೋಟೀನನ್ನು ಶೇ 18ರ ಆಸುಪಾಸಿಗೆ ಇಳಿಸಿ ಕೊರತೆಯನ್ನು ಪ್ರೋಟೀನಿನ ಬಿಡಿ ಘಟಕಗಳಾದ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್‌ನಿಂದ ತುಂಬುವುದು, ಇವೆರಡು ಯಾವ ಪುಡಿಗಿಂತಲೂ ಮೊದಲು ಆಗಬೇಕಾದ ಕೆಲಸ. ಇ. ಕೋಲೈಗೆ ಊಟವನ್ನೇ ಹಾಕದಿದ್ದರೆ ಅದನ್ನು ಓಡಿಸುವ ಖರ್ಚು ಕಡಿಮೆ.

ಪ್ರೊಬಯೋಟಿಕ್‌ಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಲ್ಲಿ ಹೆಸರಿಗಿಂತ ತಳಿ ಮುಖ್ಯ. ಬ್ಯಾಸಿಲಸ್ ಜಾತಿಯವು ಗಟ್ಟಿ ಕವಚದೊಳಗೆ ನಿದ್ರಿಸುವ ಬೀಜಕದ ರೂಪದಲ್ಲಿ ಶಾಖವನ್ನೂ ಶೇಖರಣೆಯನ್ನೂ ತಡೆದುಕೊಳ್ಳುತ್ತವೆ. ಲ್ಯಾಕ್ಟೋಬ್ಯಾಸಿಲಸ್ ನಮ್ಮ ಕರಾವಳಿಯ ಸೆಕೆಯಲ್ಲಿ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದರೆ ಚೀಲದ ಮೇಲೆ ಬರೆದ ಕೋಟಿಗಳಲ್ಲಿ ಎಷ್ಟು ಜೀವಂತ ಉಳಿದಾವು? ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕು, ಸಾಕಣೆದಾರನಿಂದ ಆಗದು. ಅದಕ್ಕಿಂತ ಗಂಭೀರವಾದದ್ದು, ಪ್ರೊಬಯೋಟಿಕ್ ಬ್ಯಾಕ್ಟೀರಿಯಾವೇ ಆ್ಯಂಟಿಬಯೋಟಿಕ್ ನಿರೋಧಕ ವಂಶವಾಹಿಯನ್ನು ಹೊತ್ತಿರಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರತಿ ತಳಿಯನ್ನೂ ಇದಕ್ಕಾಗಿ ತಪಾಸಣೆ ಮಾಡುತ್ತದೆ. ನಮ್ಮ ಅಂಗಡಿಯಲ್ಲಿ ಸಿಗುವ ಚೀಲಗಳಿಗೆ ಅಂಥ ತಪಾಸಣೆ ಆಗಿದೆಯೇ ಎಂದು ತಾವು ಕೇಳಬೇಕು.

ಗಿಡಮೂಲಿಕೆಗಳ ಬಗ್ಗೆ ನಮ್ಮ ಜನರಿಗೆ ಇರುವ ಪ್ರೀತಿಯನ್ನು ನಾನೂ ಹಂಚಿಕೊಂಡವನು. ಓಮದ ಎಣ್ಣೆಯಲ್ಲಿ ಥೈಮಾಲ್ ಇದೆ, ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಇದೆ. ಇವೆರಡೂ ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುವುದು ನಿಜ. ಬೆಳ್ಳುಳ್ಳಿ, ದಾಲ್ಚಿನ್ನಿಗೂ ಗುಣವಿದೆ. ಆದರೆ ಬೆಳೆದ ಊರು, ಕೊಯ್ದ ಕಾಲ, ಒಣಗಿಸಿದ ರೀತಿ ಬದಲಾದರೆ ಎಣ್ಣೆಯ ಪ್ರಮಾಣ ಬದಲಾಗುತ್ತದೆ, ತೆರೆದಿಟ್ಟರೆ ಆರಿಹೋಗುತ್ತದೆ, ಹೆಚ್ಚು ಹಾಕಿದರೆ ಘಾಟಿಗೆ ಮರಿ ಆಹಾರವನ್ನೇ ಮುಟ್ಟುವುದಿಲ್ಲ. ಮರಿ ತಿನ್ನದೆ ಉಳಿಯುವುದೇ ನಮ್ಮ ಮೂಲ ತೊಂದರೆ ಎಂಬುದನ್ನು ನೆನಪಿಡಬೇಕು. ತೆಂಗಿನೆಣ್ಣೆಯ ವಿಷಯವೂ ಹೀಗೆಯೇ. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ಜೊತೆಗೆ ಸ್ವಲ್ಪ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳು. ಲಾರಿಕ್ ಒಂದು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಚುರುಕು, ಇ. ಕೋಲೈ ಮೇಲೆ ಅಷ್ಟಾಗಿ ಅಲ್ಲ. ತೆಂಗು ಬೆಳೆಯುವ ಜಿಲ್ಲೆಗಳಲ್ಲಿ ಇದನ್ನು ಪರೀಕ್ಷಿಸದೆ ಬಿಡುವುದು ತಪ್ಪಾದೀತು, ಈಗಿನ ಎಣ್ಣೆಯ ಬೆಲೆಯಲ್ಲಿ ಯಾರಿಗೂ ಎಟುಕದಿದ್ದರೂ ಸರಿ.

ಹುಳಿಸಿದ ಆಹಾರ ನಮ್ಮವರಿಗೆ ಹೊಸದಲ್ಲ. ಮಜ್ಜಿಗೆ ಅಥವಾ ಹಾಲೊಡಕಿನ ನೀರಿನಲ್ಲಿ ಆಹಾರವನ್ನು ನೆನೆಸಿ ಹುಳಿಸಿದರೆ, ಹುಳಿಯ ಅಳತೆಯಾದ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 4.5ಕ್ಕಿಂತ ಕೆಳಗಿಳಿದಾಗ ಸಾಲ್ಮೊನೆಲ್ಲಾ, ಇ. ಕೋಲೈ ಬ್ಯಾಕ್ಟೀರಿಯಾಗಳು ಅದರಲ್ಲಿ ಬದುಕುವುದು ಕಷ್ಟ. ಆದರೆ ಹದ ತಪ್ಪಿದರೆ ಯೀಸ್ಟ್ ಬೆಳೆಯುತ್ತದೆ, ಹಣ ಕೊಟ್ಟು ಹಾಕಿದ ಲೈಸಿನ್ ಹುಳಿಯುವಾಗಲೇ ಹಾಳಾಗುತ್ತದೆ. ಲೈಸಿನ್ ಅನ್ನು ಹುಳಿಸಿದ ಮೇಲೆ ಬೆರೆಸಬೇಕು ಎಂಬ ಒಂದು ವಾಕ್ಯ ಎಷ್ಟೋ ಜನರ ಹಣ ಉಳಿಸೀತು.

ಈಗ ನಮ್ಮ ರಾಜ್ಯದ ನಿಜ ಸ್ಥಿತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಮೆಕ್ಕೆಜೋಳ, ತೌಡು, ಸೋಯಾ ಹಿಂಡಿಯನ್ನು ತೂಕ ಮಾಡಿ ಬೆರೆಸುವ ಸಾಕಣೆದಾರರಿಗೆ ಅನ್ವಯಿಸುತ್ತದೆ. ಬೆಂಗಳೂರು, ಮಂಗಳೂರು ಸುತ್ತಮುತ್ತ ಬಹಳಷ್ಟು ಹಂದಿಗಳು ಬೆಳೆಯುವುದು ಹೋಟೆಲುಗಳ ಮುಸುರೆಯ ಮೇಲೆ, ಕೋಳಿ ಅಂಗಡಿಗಳ ತ್ಯಾಜ್ಯದ ಮೇಲೆ. ಇಂದು ಅನ್ನ, ನಾಳೆ ಬಿರಿಯಾನಿ, ನಾಡಿದ್ದು ಸಾಂಬಾರು. ಇದಕ್ಕೆ ಶೇ 0.5ರ ಲೆಕ್ಕ ಹಾಕುವುದು ಹೇಗೆ? ಕೋಳಿಯ ಮೂಲಕ ಅದಕ್ಕೆ ಕೊಟ್ಟ ಔಷಧದ ಶೇಷವೂ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವೂ ಹಂದಿಯ ಹೊಟ್ಟೆಗೆ ಬರುತ್ತವೆ. ಮುಸುರೆ ಸಾಕಣೆಯನ್ನು ಇಲಾಖೆ ಕಾಣದಂತೆ ಇರುವುದನ್ನು ನಾನು ಒಪ್ಪುವುದಿಲ್ಲ. ಅದು ನಗರದ ತ್ಯಾಜ್ಯದ ದೊಡ್ಡ ಭಾಗವನ್ನು ತಿಂದು ಕರಗಿಸುತ್ತಿದೆ, ಬಡವರ ಕೈಯಲ್ಲಿದೆ. ಚೆನ್ನಾಗಿ ಕುದಿಸಿ ಕೊಡುವ ವ್ಯವಸ್ಥೆಗೆ ಸಹಾಯಧನ ಕೊಡಿ. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ನಮ್ಮ ರಾಜ್ಯಕ್ಕೂ ಬಂದಾಗಿದೆ. ಅದು ಹರಡುವ ದಾರಿಗಳಲ್ಲಿ ಕುದಿಸದ ಮುಸುರೆಯೂ ಒಂದು. ವೈರಸ್‌ನಿಂದ ಬರುವ ಆ ಜ್ವರಕ್ಕೆ ಹೆದರಿ ಆ್ಯಂಟಿಬಯೋಟಿಕ್ ಸುರಿಯುವವರಿದ್ದಾರೆ, ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ ಎಂದು ಅವರಿಗೆ ಹೇಳಬೇಕಾದವರೂ ತಾವೇ.

ನನ್ನ ಮುಖ್ಯ ಬೇಡಿಕೆ ಒಂದು. ಈ ಪರ್ಯಾಯಗಳನ್ನು ನಮ್ಮ ನೆಲದಲ್ಲಿ, ಸರ್ಕಾರದ ಹೊಣೆಯಲ್ಲಿ ಪರೀಕ್ಷಿಸಿ. ಹೆಸರಘಟ್ಟದಲ್ಲಿ ಇಲಾಖೆಯದೇ ಹಂದಿ ತಳಿ ಸಂವರ್ಧನಾ ಕೇಂದ್ರವಿದೆ. ಆಡುಗೋಡಿಯಲ್ಲಿ ಪ್ರಾಣಿಗಳ ಪೋಷಣೆಗೆಂದೇ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೀದರಿನಲ್ಲಿ ವಿಶ್ವವಿದ್ಯಾಲಯವಿದೆ. ದೇಶದ ಬೇರೆ ಎಷ್ಟು ರಾಜ್ಯಗಳಿಗೆ ಈ ಭಾಗ್ಯವಿದೆ? ಒಂದೇ ಸೂಲಿನ ಮರಿಗಳನ್ನು ಗುಂಪು ಮಾಡಿ, ಒಂದಕ್ಕೆ ಆಮ್ಲ, ಒಂದಕ್ಕೆ ಪ್ರೊಬಯೋಟಿಕ್, ಒಂದಕ್ಕೆ ಪ್ರೋಟೀನ್ ಇಳಿಸಿದ ಆಹಾರ, ಒಂದಕ್ಕೆ ಏನೂ ಇಲ್ಲ ಎಂದು ಹಂಚಿ, ಎಷ್ಟು ಮರಿ ಭೇದಿ ಮಾಡಿದವು, ಎಷ್ಟು ಸತ್ತವು, ತೂಕ ಎಷ್ಟು ಬಂತು, ಒಂದು ಮರಿಗೆ ಖರ್ಚೆಷ್ಟಾಯಿತು ಎಂದು ಬರೆಯಿರಿ. ಸೋತ ಪ್ರಯೋಗಗಳನ್ನೂ ಮುಚ್ಚಿಡದೆ ಪ್ರಕಟಿಸಿ. ಕನ್ನಡದಲ್ಲಿ ಪ್ರಕಟಿಸಿ. ಕಂಪನಿಗಳ ಪ್ರಾಯೋಜಕತ್ವ ಅದರಲ್ಲಿ ಬೇಡ.

ಜೊತೆಗೆ, ಭೇದಿಯ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಜಿಲ್ಲಾ ಮಟ್ಟದ ಪ್ರಯೋಗಾಲಯದಲ್ಲೇ ಬೆಳೆಸಿ ಯಾವ ಔಷಧ ನಾಟುತ್ತದೆ ಎಂದು ತಿಳಿಸುವ ವ್ಯವಸ್ಥೆ ಬೇಕು. ಆ್ಯಂಟಿಬಯೋಟಿಕ್ ಪೂರ್ತಿ ನಿಲ್ಲಬೇಕೆಂದು ನಾನು ಕೇಳುತ್ತಿಲ್ಲ. ರೋಗ ಬಂದ ಪ್ರಾಣಿಗೆ ಚಿಕಿತ್ಸೆ ಸಿಗಲೇಬೇಕು, ಅದನ್ನು ತಪ್ಪಿಸುವುದು ಕ್ರೌರ್ಯ. ಆ ಚಿಕಿತ್ಸೆ ಊಹೆಯ ಮೇಲೆ ನಡೆಯಬಾರದು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಕಾದು ಮಾರಬೇಕು ಎಂಬುದು ಲೇಬಲ್ಲಿನ ಮೇಲೆ ಇರಬೇಕೆಂದು 2012ರಿಂದ ನಿಯಮವಿದೆ. ನಮೂದಿಸದಿದ್ದರೆ ಮಾಂಸಕ್ಕೆ 28 ದಿನಗಳಿಗೆ ಕಡಿಮೆ ಇರುವಂತಿಲ್ಲ. ಈ ನಿಯಮ ತಿಳಿದ ಸಾಕಣೆದಾರರನ್ನು ನಾನು ಕಂಡದ್ದು ವಿರಳ. ಕಾಯಿಲೆಯ ಹಂದಿಯನ್ನು ಸಾಯುವ ಮೊದಲೇ ಕಟುಕರಿಗೆ ಸಾಗಿಸುವ ಅಭ್ಯಾಸ ನಮ್ಮಲ್ಲಿದೆ ಎಂಬುದನ್ನೂ ಹೇಳದೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ವಿಮೆಯ ಹಣ ಸಕಾಲಕ್ಕೆ ಸಿಕ್ಕರೆ ಆ ಅಭ್ಯಾಸ ಬಿಡುವವರು ಬಹಳ ಜನ.

ಹಾಲು ಬಿಡಿಸುವ ವಯಸ್ಸು, ಬೆಚ್ಚಗಿನ ಒಣ ನೆಲ, ಹುಟ್ಟಿದ ಕೂಡಲೇ ಗಿಣ್ಣು ಹಾಲು, ಒಂದು ತಂಡ ಖಾಲಿಯಾದ ಮೇಲೆ ಗೂಡು ತೊಳೆದು ಒಣಗಿಸುವುದು, ಇವುಗಳಿಗೆ ಪೂರಕದ ಚೀಲ ಬೇಕಾಗಿಲ್ಲ. ಇವು ಸರಿಯಿಲ್ಲದ ಗೂಡಿನಲ್ಲಿ ಯಾವ ಆಮ್ಲವೂ ಮರಿಯನ್ನು ಉಳಿಸದು. ತಮ್ಮ ಕ್ಷೇತ್ರ ಸಿಬ್ಬಂದಿಗೆ ಹಸು, ಎಮ್ಮೆ, ಕುರಿಗಳ ಬಗ್ಗೆ ಇರುವಷ್ಟು ತರಬೇತಿ ಹಂದಿಯ ಬಗ್ಗೆ ಸಿಗಲಿ, ನಮ್ಮ ಗೂಡಿಗೆ ಬರಲು ಅವರು ಹಿಂಜರಿಯದಿರಲಿ.

ಪ್ರಯೋಗ ನಡೆಸಲು ಇಲಾಖೆ ಮುಂದಾದರೆ ನನ್ನ ಗೂಡನ್ನೂ ಮರಿಗಳನ್ನೂ ಒದಗಿಸುತ್ತೇನೆ, ಲೆಕ್ಕದ ಪುಸ್ತಕವನ್ನು ತೆರೆದಿಡುತ್ತೇನೆ. ನನ್ನಂತೆಯೇ ಒಪ್ಪುವ ಸಾಕಣೆದಾರರು ಈ ಜಿಲ್ಲೆಯಲ್ಲೂ ಕೊಡಗಿನಲ್ಲೂ ಇದ್ದಾರೆ. ಕರಾವಳಿಯಲ್ಲಿ ಭೇದಿ ಹೆಚ್ಚು ಕಾಡುವುದು ಗೂಡು ಒಣಗದ ಮಳೆಗಾಲದಲ್ಲಿ. ಆದ್ದರಿಂದ ಮೊದಲ ಪ್ರಯೋಗ ಜೂನ್‌ಗೆ ಮುಂಚೆ ಆರಂಭವಾಗುವಂತೆ ಆದೇಶಿಸಬೇಕೆಂದೂ, ಆಗದಿದ್ದರೆ ಏಕೆ ಆಗದು ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಕ್ಷಿಣ ಕನ್ನಡದ ಒಬ್ಬ ಹಂದಿ ಸಾಕಣೆದಾರ